4.7 ಜಿಬಿಯೊಳಗೆ ಅಪ್ಪನ ವಾಲಿ

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಆಯಿ ಕೇಳಿದಳು, "ತಮಾ, ಅಪ್ಪನ ವಾಲಿ ಇದ್ದಲಾ, ಅದನ್ನೊಂದ್ಸಲ ಹಾಕು ನೋಡನ."

ಅಪ್ಪ ತೀರಿಕೊಂಡು ಆಗ ಒಂದು ವರ್ಷ ಕಳೆದಿತ್ತು. ಅಷ್ಟೂ ದಿನ ಆಯಿ ಅದನ್ನು ಕೇಳಿರಲಿಲ್ಲ, ನಾನೂ ಎತ್ತಿರಲಿಲ್ಲ. ಕೇಳಿದ್ದು ದೊಡ್ಡ ಸಂಗತಿಯೇನೂ ಅಲ್ಲ. ಕಪಾಟಿನಲ್ಲಿ ಒಂದು ಡಿವಿಡಿ ಇದೆ, ಹಾಕಿದರೆ ಆಯಿತು ಅಂತಲೇ ನಾನೂ ಎದ್ದೆ. ಅಲ್ಲಿಂದ ಶುರುವಾದ ಕಥೆ ಇದು. ಕಥೆಗಿಂತ ಹೆಚ್ಚಾಗಿ, ನಾನೇ ಮಾಡಿದ ಒಂದು ದಡ್ಡತನದ ಲೆಕ್ಕ. ನಿಮ್ಮಲ್ಲಿ ಹಲವರು ಇದೇ ಲೆಕ್ಕ ಮಾಡಿರುತ್ತೀರಿ ಅನ್ನುವ ಗುಮಾನಿ ನನ್ನದು, ಹಾಗಾಗಿ ಬರೆಯುತ್ತಿದ್ದೇನೆ.

ಅಪ್ಪ ಮಾಸ್ತರ. ಶಿರಸಿ ಕಡೆಯವ, ನೌಕರಿಗೆಂದು ಜೋಯಿಡಾ ತಾಲೂಕಿಗೆ ಬಂದವನು ಅಣಶಿಯಲ್ಲೇ ಉಳಿದುಬಿಟ್ಟ. ಕಾರವಾರದಿಂದ ಕದ್ರಾ ದಾಟಿ ಘಟ್ಟ ಹತ್ತಿದರೆ ಸಿಗುವ ಅಣಶಿ ನಿಮಗೆ ಗೊತ್ತಿರಬಹುದು. ಹುಲಿ ಸಂರಕ್ಷಿತ ಪ್ರದೇಶ ಅಂತ 2007ರಲ್ಲಿ ಘೋಷಣೆಯಾದಾಗ ದಾಂಡೇಲಿ-ಅಣಶಿ ಅಂತ ಹೆಸರಿತ್ತು, 2015ರಿಂದ ಅದು ಕಾಳಿ. ಹೆಸರು ಯಾವುದಾದರೂ ಮಳೆ ಮಾತ್ರ ಅದೇ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಎದುರು ಕೂತವರ ಮಾತು ಕೇಳಬೇಕೆಂದರೆ ಕಿವಿ ಹತ್ತಿರ ತರಬೇಕು.

ಇಂಥ ಮಳೆಗಾಲದಲ್ಲಿ ಮಲೆನಾಡಿನವರಿಗೆ ಇರುವ ಒಂದು ಸುಖ ಎಂದರೆ ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ಭಾಗವತರು, ಮದ್ದಲೆ, ಚೆಂಡೆ, ಎದುರುಬದುರು ಕೂತ ನಾಲ್ಕಾರು ಅರ್ಥಧಾರಿಗಳು. ಇಡೀ ರಾಮಾಯಣ ಮಹಾಭಾರತ ಬರೀ ಮಾತಿನಲ್ಲಿ ನಡೆಯುತ್ತದೆ. 2007ರ ಶ್ರಾವಣದಲ್ಲಿ ನಮ್ಮ ಮನೆಯ ಜಗುಲಿಯಲ್ಲಿ ಒಂದು ತಾಳಮದ್ದಲೆ ಆಯಿತು. ಪ್ರಸಂಗ ವಾಲಿವಧೆ. ಅಪ್ಪನದು ವಾಲಿ. ಭಾಗವತರು ಯಲ್ಲಾಪುರ ಕಡೆಯಿಂದ ಬಂದಿದ್ದರು. ಸುಗ್ರೀವ ಕುಂಬಾರವಾಡದವರು. ರಾತ್ರಿ ಒಂಬತ್ತಕ್ಕೆ ಕೂತವರು ಏಳುವಾಗ ಎರಡೂವರೆ.

ಕಾರವಾರದಲ್ಲಿ ಮದುವೆ ವಿಡಿಯೋ ಮಾಡುತ್ತಿದ್ದ ನನ್ನ ಭಾವ ಅಂದು ಕ್ಯಾಮೆರಾ ತಂದಿದ್ದ. ಮಿನಿಡಿವಿ ಟೇಪಿನದು. ಒಂದು ತಾಸಿಗೆ ಒಂದು ಟೇಪು, ಒಟ್ಟು ಆರು ಟೇಪು. ಮೂಲೆಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಹಾಕಿ ಇಟ್ಟರೆ ಮುಗಿಯಿತು, ಟೇಪು ಬದಲಿಸುವುದೊಂದೇ ಕೆಲಸ. "ನೀನು ಬೆಂಗಳೂರಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದೀಯಲ್ಲ, ಡಿವಿಡಿ ಮಾಡಿಕೊಂಡು ಟೇಪು ವಾಪಸ್ ಕೊಡು" ಅಂದ. ಅವನಿಗೆ ಮುಂದಿನ ಮದುವೆಗಳಿಗೆ ಟೇಪು ಬೇಕಿತ್ತು.

ಆ ಕಾಲದಲ್ಲಿ ನಾವೆಲ್ಲ ಏನು ಮಾಡುತ್ತಿದ್ದೆವು ಅಂತ ನೆನಪಿಸಿಕೊಳ್ಳಿ. 8.5 ಜಿಬಿಯ ಸಿನಿಮಾ ಡಿಸ್ಕನ್ನು ಡಿವಿಡಿ ಶ್ರಿಂಕ್ ಎಂಬ ಪುಕ್ಕಟೆ ತಂತ್ರಾಂಶಕ್ಕೆ ಕೊಟ್ಟು 4.7ಕ್ಕೆ ಇಳಿಸುವುದು, ನೀರೋದಲ್ಲಿ ಬರ್ನ್ ಮಾಡುವುದು. ಬರೆಯುವ ಪಟ್ಟಿ ನೂರು ಮುಟ್ಟುವ ತನಕ ಮೌಸ್ ಮುಟ್ಟದೇ ಕೈಕಟ್ಟಿ ಕೂರುವುದು :-) ಒಂದು ಡಿಸ್ಕಿಗೆ ಎಷ್ಟು ತುರುಕಿದೆ ಅನ್ನುವುದೇ ಒಂದು ಜಂಬ. ರೂಮಿನಲ್ಲಿ ಗೆಳೆಯರ ನಡುವೆ ಪೈಪೋಟಿಯೇ ಇತ್ತು. ನನಗೂ ಆ ಜಂಬ ಇತ್ತು. ಐದೂವರೆ ತಾಸಿನ ತಾಳಮದ್ದಲೆಯನ್ನು ಒಂದೇ ಡಿಸ್ಕಿನಲ್ಲಿ ಹಿಡಿಸಬೇಕು, ಮೆನು ಹಾಕಬೇಕು, ಮೇಲೆ ಅಪ್ಪನ ಫೋಟೋ ಅಂಟಿಸಬೇಕು, ಊರಿನ ಇಪ್ಪತ್ತು ಮನೆಗೆ ಹಂಚಬೇಕು. ಎರಡು ಡಿಸ್ಕು ಮಾಡಿದರೆ ಒಂದು ಕಳೆದುಹೋಗುತ್ತದೆ ಅನ್ನುವುದು ನನ್ನ ವಾದವಾಗಿತ್ತು.

ಈಗ ಲೆಕ್ಕಕ್ಕೆ ಬರುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ನಾಲ್ಕನೇ ಕ್ಲಾಸಿನ ಭಾಗಾಕಾರ ಅಷ್ಟೆ.

ಖಾಲಿ ಡಿವಿಡಿಯ ಮೇಲೆ 4.7 ಜಿಬಿ ಅಂತ ಬರೆದಿರುತ್ತದೆ. ಕಂಪ್ಯೂಟರಿಗೆ ಹಾಕಿದರೆ 4.38 ಅಂತ ತೋರಿಸುತ್ತದೆ. ಮೋಸ ಏನಿಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಸೇರು ಒಂದೇ, ಅಳೆಯುವ ಕೊಳಗ ಬೇರೆ. ಒಟ್ಟು 470 ಕೋಟಿ ಬೈಟ್, ಅಂದರೆ 3,760 ಕೋಟಿ ಬಿಟ್. ಇದನ್ನು ವಿಡಿಯೋದ ಸೆಕೆಂಡುಗಳಿಂದ ಭಾಗಿಸಿದರೆ ಒಂದು ಸೆಕೆಂಡಿಗೆ ಎಷ್ಟು ಬಿಟ್ ಸಿಗುತ್ತದೆ ಅಂತ ಗೊತ್ತಾಗುತ್ತದೆ. ಎರಡು ತಾಸಿನ ಸಿನಿಮಾಕ್ಕೆ ಸೆಕೆಂಡಿಗೆ 52 ಲಕ್ಷ. ಚೆನ್ನಾಗಿಯೇ ಕಾಣುತ್ತದೆ. ನನ್ನ ಐದೂವರೆ ತಾಸಿಗೆ, ಅಂದರೆ 19,800 ಸೆಕೆಂಡಿಗೆ, ಹಂಚಿದರೆ ಸೆಕೆಂಡಿಗೆ 19 ಲಕ್ಷ. ಟೇಪಿನಲ್ಲಿ ಬರೀ ಚಿತ್ರಕ್ಕೇ ಸೆಕೆಂಡಿಗೆ ಎರಡೂವರೆ ಕೋಟಿ ಬಿಟ್ ಇತ್ತು. ಹದಿಮೂರು ಪಾಲಿನಲ್ಲಿ ಒಂದು ಪಾಲು ಇಟ್ಟುಕೊಂಡು ಹನ್ನೆರಡು ಬಿಡಬೇಕು.

ಆ 19 ಲಕ್ಷದಲ್ಲಿ ಚಿತ್ರವೂ ಬರಬೇಕು, ದನಿಯೂ ಬರಬೇಕು. ಟೇಪಿನಲ್ಲಿದ್ದ ದನಿಯನ್ನು ಹಿಂಡದೇ ಹಾಗೇ ಇಟ್ಟರೆ ಅದಕ್ಕೇ 15 ಲಕ್ಷ 36 ಸಾವಿರ ಹೋಗುತ್ತದೆ. ಆದ್ದರಿಂದ ಡಿವಿಡಿಗಳಲ್ಲಿ ಸಾಮಾನ್ಯವಾಗಿ ಎಸಿ3 ಎಂಬ ಬಗೆಯಲ್ಲಿ ದನಿಯನ್ನು 1,92,000 ಬಿಟ್ಟಿಗೆ ಇಳಿಸುವುದು ರೂಢಿ. ಕೇಳಲು ಅಡ್ಡಿಯಿಲ್ಲ. ನಾನು ಇನ್ನೂ ಜಾಣ. "ಮಾತು ತಾನೇ, ಸಂಗೀತ ಕಛೇರಿಯೇನಲ್ಲವಲ್ಲ" ಅಂದುಕೊಂಡು 64,000ಕ್ಕೆ ಇಳಿಸಿದೆ, ಅದೂ ಸ್ಟಿರಿಯೋದಲ್ಲಿ. ಉಳಿಸಿದ್ದನ್ನು ಚಿತ್ರಕ್ಕೆ ಕೊಟ್ಟೆ.

ಏನು ಉಳಿಯಿತು ಅಂತ ಈಗ ಲೆಕ್ಕ ಹಾಕಿ ನೋಡಿದೆ. ಇಡೀ ಡಿಸ್ಕಿಗೆ ಸುಮಾರು 317 ಎಂಬಿ. ನೂರಕ್ಕೆ ಏಳು ಪಾಲೂ ಇಲ್ಲ. ಅಷ್ಟನ್ನು ಉಳಿಸಿ, ಅಲುಗಾಡದೇ ಕೂತಿದ್ದ ನಾಲ್ಕು ಜನ, ಹಿಂದಿನ ಮಣ್ಣಿನ ಗೋಡೆ, ಗೋಡೆಯ ಮೇಲಿನ ಕ್ಯಾಲೆಂಡರು ಇವು ಸ್ವಲ್ಪ ಚೊಕ್ಕವಾಗಿ ಕಾಣಲಿ ಅಂತ ಸುರಿದಿದ್ದೆ!

ರಾತ್ರಿಯಿಡೀ ಪೆಂಟಿಯಂ 4 ಗುರ್ ಅಂತ ಓಡಿ ಬೆಳಿಗ್ಗೆ ಡಿಸ್ಕು ಸಿದ್ಧವಾಯಿತು. ಎರಡು ನಿಮಿಷ ಓಡಿಸಿ ನೋಡಿದೆ. ಗಣಪತಿ ಸ್ತುತಿ, ಎಲ್ಲರೂ ಕಾಣುತ್ತಾರೆ, ದನಿ ಕೇಳುತ್ತದೆ. ಸರಿ ಅಂತ ಇಪ್ಪತ್ತು ಪ್ರತಿ ಬರೆದೆ. ಟೇಪುಗಳನ್ನು ಭಾವನಿಗೆ ವಾಪಸ್ ಕೊಟ್ಟೆ. ಹಾರ್ಡ್‌ಡಿಸ್ಕ್ ಇದ್ದಿದ್ದು 80 ಜಿಬಿ, ಟೇಪಿನಿಂದ ಇಳಿಸಿಕೊಂಡ ಕಡತಗಳೇ ಎಪ್ಪತ್ತು ಜಿಬಿ. ಒಂದೊಂದು ಟೇಪು ಮುಗಿದ ಹಾಗೆ ಅಳಿಸುತ್ತಲೇ ಬಂದಿದ್ದೆ. ಆ ಟೇಪುಗಳ ಮೇಲೆ ಆಮೇಲೆ ಯಾರ್ಯಾರದೋ ಮದುವೆ ರೆಕಾರ್ಡ್ ಆಯಿತು. ಅವರ ತಪ್ಪೂ ಅಲ್ಲ, ಭಾವನ ತಪ್ಪೂ ಅಲ್ಲ. ನೂರು ನೂರಿಪ್ಪತ್ತು ರೂಪಾಯಿ ಕೊಟ್ಟು ಹೊಸ ಟೇಪು ತಂದುಕೊಟ್ಟು ಹಳೆಯದನ್ನು ಇಟ್ಟುಕೊಳ್ಳಬಹುದು ಅಂತ ನನಗೆ ಹೊಳೆಯಲೇ ಇಲ್ಲ. "ಡಿವಿಡಿ ಆಯ್ತಲ್ಲ, ಇನ್ನೆಂತಕ್ಕೆ?"

ಈಗ ವಾಪಸ್ ಕಳೆದ ಮಳೆಗಾಲಕ್ಕೆ.

ಕಪಾಟಿನ ಡಿಸ್ಕ್ ತೆಗೆದರೆ ಮೈಮೇಲೆ ಬೂಸ್ಟು. ಅಣಶಿಯ ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೆ, ಪುಸ್ತಕದ ರಟ್ಟಿಗೆ ಬರುವುದು ಡಿಸ್ಕಿಗೂ ಬರುತ್ತದೆ. ನಾನು ಅಂಟಿಸಿದ್ದ ಅಪ್ಪನ ಫೋಟೋದ ಸ್ಟಿಕ್ಕರು ಅಂಚಿನಲ್ಲಿ ಎದ್ದಿತ್ತು. ಮನೆಯ ಡಿವಿಡಿ ಪ್ಲೇಯರ್ ಯಾವತ್ತೋ ಕೆಟ್ಟು ಅಟ್ಟ ಸೇರಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಕಾರವಾರಕ್ಕೆ ಹೋಗಿ ಯುಎಸ್‌ಬಿ ಡ್ರೈವ್ ಒಂದನ್ನು ಹುಡುಕಿ ತಂದೆ. ಡಿಸ್ಕನ್ನು ನೀರಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಒರೆಸಿ (ಸುತ್ತ ತಿರುಗಿಸಿ ಒರೆಸಬಾರದು) ಹಾಕಿದರೆ ಭಾಗವತರು ಮೂರು ಪದ್ಯ ಹೇಳುತ್ತಿದ್ದಂತೆ ನಿಂತುಬಿಟ್ಟಿತು.

ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅಂತ ಒಂದು ತಂತ್ರಾಂಶ ಇದೆ. ಓದಲಾಗದ ಜಾಗವನ್ನು ಬಿಟ್ಟು ಮುಂದೆ ಹೋಗಿ, ಓದಲಾಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಆಮೇಲೆ ಬಿಟ್ಟಲ್ಲಿಗೆ ಮತ್ತೆ ಮತ್ತೆ ಬಂದು ಪ್ರಯತ್ನಿಸುತ್ತದೆ. ಯಾವ ತುಣುಕು ಸಿಕ್ಕಿತು, ಯಾವುದು ಇಲ್ಲ ಅಂತ ಒಂದು ನಕ್ಷೆಯನ್ನೂ ಬರೆದಿಡುತ್ತದೆ. ರಾತ್ರಿಯಿಡೀ ಬಿಟ್ಟೆ. ಹೊರಗಿನ ಅಂಚಿನ ಕಡೆಯದು, ಅಂದರೆ ಪ್ರಸಂಗದ ಕೊನೆಯ ಭಾಗ, ಸಿಗಲೇ ಇಲ್ಲ. ಡಿಸ್ಕು ಒಳಗಿನಿಂದ ಹೊರಗೆ ಬರೆಯಲ್ಪಡುತ್ತದೆ, ಪೂರ್ತಿ ತುಂಬಿಸಿದರೆ ಕೊನೆಯದು ಅಂಚಿಗೆ ಹೋಗುತ್ತದೆ, ಅಂಚೇ ಮೊದಲು ಹಾಳಾಗುವ ಜಾಗ. ಒಂದಿಂಚೂ ಬಿಡದಂತೆ ತುಂಬಿಸಿದ ಜಂಬಕ್ಕೆ ಅದೂ ಒಂದು ಬಹುಮಾನ.

ವಾಲಿವಧೆಯ ಕೊನೆ ಎಂದರೆ ಗೊತ್ತಲ್ಲ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಜಾಗ. ಅಪ್ಪನ ಅರ್ಥವೆಲ್ಲ ಇದ್ದದ್ದು ಅಲ್ಲೇ.

ಮರುದಿನ ಕುಂಬಾರವಾಡದ ಸುಗ್ರೀವರ ಮನೆಗೆ ಹೋದೆ. ಈಗ ಅವರಿಗೂ ಎಂಬತ್ತರ ಹತ್ತಿರ. ಅವರು ಡಿಸ್ಕನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ದೇವರ ಕೋಣೆಯ ಗೂಡಿನಲ್ಲಿ ಪಂಚಾಂಗದ ಜೊತೆ ಇಟ್ಟಿದ್ದರು. "ಮಾಸ್ತರ್ರ ವಾಲಿ ಅಲ್ಲವೋ, ಎಲ್ಲಿಡೂದು ಮತ್ತೆ" ಅಂದರು. ಆ ಡಿಸ್ಕೂ ಪೂರ್ತಿ ಓದಲಿಲ್ಲ. ಆದರೆ ಅದು ಹಾಳಾದ ಜಾಗ ಬೇರೆ! ಎರಡೂ ಒಂದೇ ಅಚ್ಚಿನಿಂದ ಬರೆದ ಪ್ರತಿಗಳಾದ್ದರಿಂದ, ನನ್ನದರಲ್ಲಿ ಇಲ್ಲದ ತುಣುಕನ್ನು ಅವರದರಿಂದ, ಅವರದರಲ್ಲಿ ಇಲ್ಲದ್ದನ್ನು ನನ್ನದರಿಂದ ತುಂಬಿಕೊಂಡು ಡಿಡಿರೆಸ್ಕ್ಯೂ ಒಂದು ಪೂರ್ತಿ ಡಿಸ್ಕು ಕಟ್ಟಿಕೊಟ್ಟಿತು. ವಾಲಿ ಸುಗ್ರೀವರು ಕೊನೆಗೂ ಒಂದಾದರು ಅಂತ ಮನಸ್ಸಿನಲ್ಲೇ ನಕ್ಕೆ.

ಸಂಜೆ ಟಿವಿಗೆ ಜೋಡಿಸಿ ಹಾಕಿದೆ. ಆಯಿ ಕನ್ನಡಕ ಹಾಕಿಕೊಂಡು ಕೂತಳು. ಹೊರಗೆ ಮಳೆ, ಟಿವಿಯೊಳಗೂ ಮಳೆ. ಕೊನೆಯ ಭಾಗ ಬಂತು. ಅಪ್ಪ ಎಲ್ಲರ ಹಾಗೆ ಕೂಗಿ ಅರ್ಥ ಹೇಳುತ್ತಿರಲಿಲ್ಲ. ಬಿದ್ದ ವಾಲಿಗೆ ಕೂಗುವ ತ್ರಾಣ ಎಲ್ಲಿರುತ್ತದೆ ಅನ್ನುವುದು ಅವನ ವಾದ. ದನಿ ಇಳಿಸುತ್ತಾ ಇಳಿಸುತ್ತಾ ಹೋಗಿ, ಕೊನೆಗೆ ಪಿಸುಮಾತಿನಲ್ಲಿ ರಾಮನನ್ನು ಕೇಳುತ್ತಿದ್ದ. ಜಗುಲಿಯಲ್ಲಿ ಕೂತಿದ್ದ ನಮಗೆಲ್ಲ ಅಂದು ಅದು ಕೇಳಿಸಿತ್ತು.

ಆಯಿ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಎಂತದೋ ತಮಾ, ಅಪ್ಪ ನೀರೊಳಗೆ ಕೂತ್ಕಂಡು ಮಾತಾಡ್ದಂಗೆ ಕೇಳ್ತು" ಅಂದಳು.

ಅವಳಿಗೆ ಬಿಟ್‌ರೇಟು ಗೊತ್ತಿಲ್ಲ. ಆದರೆ ಅತಿಯಾಗಿ ಹಿಂಡಿದ ದನಿ ಹೇಗೆ ಕೇಳುತ್ತದೆ ಅಂತ ಇದಕ್ಕಿಂತ ಸರಿಯಾಗಿ ಯಾವ ಇಂಜಿನಿಯರೂ ಹೇಳಿದ್ದು ನಾನು ಕೇಳಿಲ್ಲ.

ಯಾಕೆ ಹಾಗಾಯಿತು ಅನ್ನುವುದು ಆಮೇಲೆ ತಿಳಿಯಿತು. ಹಿಂಡುವ ತಂತ್ರಾಂಶ ದನಿಯನ್ನು ಸಣ್ಣ ಸಣ್ಣ ತುಣುಕು ಮಾಡಿ, ಪ್ರತಿ ತುಣುಕಿನಲ್ಲೂ ಯಾವ ಸ್ವರ ಜೋರಾಗಿದೆಯೋ ಅದಕ್ಕೆ ಬಿಟ್ ಕೊಡುತ್ತದೆ. ಜೋರಿನ ಪಕ್ಕದಲ್ಲಿರುವ ಮೆಲ್ಲನೆಯದು ಮನುಷ್ಯನ ಕಿವಿಗೆ ಹೇಗೂ ಕೇಳುವುದಿಲ್ಲ ಅಂತ ಅದನ್ನು ಒರಟಾಗಿ ಬರೆಯುತ್ತದೆ, ಇಲ್ಲವೇ ಬಿಟ್ಟುಬಿಡುತ್ತದೆ. ಬಿಟ್ ಸಾಕಷ್ಟಿದ್ದರೆ ಈ ಉಪಾಯ ಗೊತ್ತೇ ಆಗುವುದಿಲ್ಲ. ಕಡಿಮೆಯಾದಾಗ ಹೊಡೆತ ಬೀಳುವುದು ಮೆಲ್ಲನೆಯ ದನಿಗೆ. ನಮ್ಮ ಜಗುಲಿಯ ಮುಂದೆ ತಗಡಿನ ಮಾಡು. ಅದರ ಮೇಲೆ ಶ್ರಾವಣದ ಮಳೆ. ಮಳೆಯ ಸದ್ದಿನಲ್ಲಿ ಎಲ್ಲ ಸ್ವರವೂ ಒಟ್ಟಿಗೆ ಇರುತ್ತದೆ, ಒಂದು ಕ್ಷಣದ ಹಾಗೆ ಇನ್ನೊಂದು ಕ್ಷಣ ಇರುವುದಿಲ್ಲ. ಹಿಂಡುವವನಿಗೆ ಅದಕ್ಕಿಂತ ಕಷ್ಟದ್ದು ಬೇರೆ ಇಲ್ಲ. ನಾನು ಕೊಟ್ಟಿದ್ದ 64,000ದಲ್ಲಿ ಹೆಚ್ಚಿನ ಪಾಲನ್ನು ತಗಡಿನ ಮಳೆ ತಿಂದು, ಮಿಕ್ಕಿದ್ದು ಅಪ್ಪನಿಗೆ ಸಿಕ್ಕಿದೆ. ಚೆಂಡೆಯದೂ ಅದೇ ಗತಿ. ಪೆಟ್ಟು ಬೀಳುವ ಮೊದಲೇ ಒಂದು ಸರ್ ಅನ್ನುವ ಸದ್ದು ಬರುತ್ತದೆ, ಪೆಟ್ಟಿನ ಚೂಪು ಹೋಗಿ ಚಾಪೆ ಬಡಿದ ಹಾಗಿದೆ.

ಜಗುಲಿಯಲ್ಲಿ ಕೂತಿದ್ದ ನಮ್ಮ ಕಿವಿ ಮಳೆಯನ್ನು ಬದಿಗಿಟ್ಟು ಅಪ್ಪನನ್ನು ಕೇಳಿತ್ತು. ತಂತ್ರಾಂಶಕ್ಕೆ ಮಳೆ ಯಾವುದು ವಾಲಿ ಯಾವುದು ಅಂತ ಗೊತ್ತಿಲ್ಲ. ಗೊತ್ತಿದ್ದದ್ದು ನನಗೆ. ನಾನು ಹೇಳಲಿಲ್ಲ.

ಇಲ್ಲಿ ನನ್ನ ಮೊದಲನೇ ಮಾತು. ದೊಡ್ಡದನ್ನು ಸಣ್ಣದರಲ್ಲಿ ಹಿಡಿಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಡಿಸ್ಕು ಹುಟ್ಟಿದಾಗಿನಿಂದಲೂ ಅದು ನಡೆದಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೋಹರ್ ಜಾನ್ ಗ್ರಾಮಫೋನ್ ತಟ್ಟೆಗೆ ಹಾಡಿದಾಗ, ತಾಸುಗಟ್ಟಲೆ ಬೆಳೆಸುವ ರಾಗವನ್ನು ಮೂರು ನಿಮಿಷದ ಆಸುಪಾಸಿಗೆ ಇಳಿಸಬೇಕಾಗಿತ್ತು. ಇಳಿಸಿ, ಕೊನೆಯಲ್ಲಿ ತನ್ನ ಹೆಸರನ್ನೂ ಹೇಳುತ್ತಿದ್ದಳು. (ಆಕೆ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು.) ನಮ್ಮ ಯಕ್ಷಗಾನದಲ್ಲೂ ಕಾಲಮಿತಿ ಪ್ರಯೋಗ ಬಂದಿದೆ. ರಾತ್ರಿಯಿಡೀ ಆಡುವುದನ್ನು ಮೂರು ತಾಸಿಗೆ ತರುವಾಗ ಯಾವ ಪದ್ಯ ಬಿಡಬೇಕು, ಯಾವ ಪ್ರವೇಶ ಮೊಟಕು ಮಾಡಬೇಕು ಅಂತ ಭಾಗವತರು ಕೂತು ಯೋಚಿಸುತ್ತಾರೆ. ಬಿಟ್ಟದ್ದು ಪೂರ್ತಿ ಬಿಟ್ಟು ಹೋಗುತ್ತದೆ, ಇಟ್ಟುಕೊಂಡದ್ದು ಪೂರ್ತಿ ಉಳಿಯುತ್ತದೆ. ಬಿಡುವುದು ಯಾವುದು ಅಂತ ಬಲ್ಲವರು ಬಿಡುತ್ತಾರೆ.

ನಾನು ಮಾಡಿದ್ದು ಹಾಗಲ್ಲ. "ಏನನ್ನೂ ಬಿಡಲಿಲ್ಲ" ಅಂತ ಹೇಳಿಕೊಳ್ಳುತ್ತಾ ಪ್ರತಿಯೊಂದು ಕ್ಷಣದಿಂದಲೂ ಸ್ವಲ್ಪ ಸ್ವಲ್ಪ ಕಿತ್ತುಕೊಂಡೆ. ನಡುವೆ ಚಹಾ ಕುಡಿದ ಹತ್ತು ನಿಮಿಷಕ್ಕೂ ವಾಲಿಯ ಕೊನೆಯ ಮಾತಿಗೂ ಒಂದೇ ಅಳತೆ. ಕಡೇಪಕ್ಷ ಎರಡು ಸಲ ಓದಿ ಹಂಚುವ ವಿಧಾನವಾದರೂ ಇತ್ತು. ಮೊದಲ ಸಲ ಇಡೀ ವಿಡಿಯೋ ನೋಡಿ, ಎಲ್ಲಿ ಹೆಚ್ಚು ಬೇಕು ಎಲ್ಲಿ ಕಡಿಮೆ ಸಾಕು ಅಂತ ಗುರುತು ಹಾಕಿಕೊಂಡು, ಎರಡನೇ ಸಲ ಬರೆಯುವುದು. ಪಂಕ್ತಿಯಲ್ಲಿ ಎಲೆ ಎಣಿಸಿಕೊಂಡು ಬಡಿಸಿದ ಹಾಗೆ. ಆದರೆ ಅದಕ್ಕೆ ಎರಡರಷ್ಟು ಹೊತ್ತು ಬೇಕಲ್ಲ, ನನಗೆ ಬೆಳಿಗ್ಗೆಯೊಳಗೆ ಡಿಸ್ಕು ಬೇಕಿತ್ತು.

ಮತ್ತೆ, ಎಲ್ಲಕ್ಕೂ ಒಂದೇ ಮದ್ದು ಇಲ್ಲ. ಬಯಲಾಟದ ವಿಡಿಯೋ ಆಗಿದ್ದರೆ ಚಿತ್ರವೇ ಮುಖ್ಯ. ಗಿರ್ಕಿ ಹೊಡೆಯುವಾಗ, ಮಂಡಿ ಹಾಕಿ ತಿರುಗುವಾಗ ಬಿಟ್ ಕಡಿಮೆಯಾದರೆ ವೇಷ ಚೌಕ ಚೌಕವಾಗಿ ಒಡೆಯುತ್ತದೆ. ಡಿವಿಡಿಯಲ್ಲಿ ಬಣ್ಣವನ್ನು ಬೆಳಕಿಗಿಂತ ಒರಟಾಗಿ ಬರೆಯುವುದರಿಂದ ಕೆಂಪು ವೇಷ ಅಂಚಿನಲ್ಲಿ ಕಲಸಿಕೊಳ್ಳುತ್ತದೆ. ಗಾಳಿಗೆ ಅಲ್ಲಾಡುವ ಕಾಡು, ಸುರಿವ ಮಳೆ, ಹರಿವ ಹೊಳೆ ಇವೂ ಹಾಗೇ ಬಿಟ್ ನುಂಗುತ್ತವೆ, ನಮ್ಮೂರಲ್ಲಿ ಇರುವುದೆಲ್ಲ ಅವೇ :-) ತಾಳಮದ್ದಲೆಯಲ್ಲಿ ಚಿತ್ರ ನಿಂತ ನೀರು. ಚಿತ್ರದ ಅಗಲವನ್ನು ಅರ್ಧ ಮಾಡಿದ್ದರೂ (ಡಿವಿಡಿಯಲ್ಲಿ 720ರ ಬದಲು 352 ಚುಕ್ಕಿ ಇಡಲು ಅವಕಾಶ ಇದೆ) ಆಯಿಗೆ ಏನೂ ಅನಿಸುತ್ತಿರಲಿಲ್ಲ. ದನಿಗೆ ಕೈ ಹಾಕಬಾರದಿತ್ತು.

ಇದನ್ನೆಲ್ಲ ನನ್ನ ಹಳೆಯ ರೂಮ್‌ಮೇಟಿಗೆ ಫೋನಿನಲ್ಲಿ ಹೇಳಿದೆ. ಅವನು ಸರಿಯಾದ ಒಂದು ಪ್ರಶ್ನೆ ಕೇಳಿದ. "ನೀನು ಅಂದು ಹಿಂಡದೇ ಇದ್ದಿದ್ದರೆ ಆ ಇಪ್ಪತ್ತು ಮನೆಗೆ ಹಂಚುತ್ತಿದ್ದೆಯಾ? ಹಂಚದೇ ಇದ್ದಿದ್ದರೆ ಕುಂಬಾರವಾಡದ ಡಿಸ್ಕು ಇರುತ್ತಿತ್ತಾ? ಇವತ್ತು ನಿನ್ನ ಹತ್ತಿರ ಏನಿರುತ್ತಿತ್ತು?"

ಉತ್ತರ ಹೇಳಲು ನನಗೆ ಎರಡು ದಿನ ಬೇಕಾಯಿತು. ಅವನು ಹೇಳಿದ್ದು ನಿಜ. ಚೆಂದದ ಒಂದೇ ಪ್ರತಿ ನಮ್ಮ ಕಪಾಟಿನಲ್ಲಿ ಇದ್ದಿದ್ದರೆ ಬೂಸ್ಟು ಹಿಡಿದು ಅದೂ ಹೋಗುತ್ತಿತ್ತು. ಹಿಂಡಿದ್ದರಿಂದ ಹಂಚಿದೆ, ಹಂಚಿದ್ದರಿಂದ ಉಳಿಯಿತು.

ಆದರೆ ಉಳಿದಿದ್ದು ಏನು? ನೀರೊಳಗಿನ ಅಪ್ಪ.

ನಮ್ಮ ಜೋಯಿಡಾದ ಕುಣಬಿಗಳು ಗೆಡ್ಡೆಗೆಣಸು ಬೆಳೆಯುವುದರಲ್ಲಿ ಹೆಸರುವಾಸಿ, ಜೋಯಿಡಾದಲ್ಲಿ ಗೆಡ್ಡೆ ಗೆಣಸು ಮೇಳವೇ ನಡೆಯುತ್ತದೆ. ಅವರ ಮನೆಗೆ ಹೋದರೆ ಬೇಯಿಸಿ ಕೊಡುತ್ತಾರೆ, ಬರುವಾಗ ಚೀಲ ತುಂಬಿ ಕೊಡುತ್ತಾರೆ. ಆದರೆ ಒಂದು ಪಾಲು ಬದಿಗೆ ಇರುತ್ತದೆ. ಅದನ್ನು ಎಂಥ ಹಸಿವೆಯಲ್ಲೂ ಬೇಯಿಸುವುದಿಲ್ಲ, ಎಂಥ ನೆಂಟರಿಗೂ ಕೊಡುವುದಿಲ್ಲ. ಅದು ಬೀಜಕ್ಕೆ. ಭತ್ತದ್ದೂ ಹಾಗೇ. ನಾನು ಮಾಡಿದ್ದು ಬೀಜದ ಭತ್ತವನ್ನೂ ಕುಟ್ಟಿ ಊರಿಗೆ ಊಟ ಹಾಕಿದ ಕೆಲಸ. ಊಟ ಹಾಕಿದ್ದು ತಪ್ಪಲ್ಲ.

ಹಾಗಾಗಿ ನನ್ನ ಎರಡನೇ ಮಾತು, ಈ ಬರಹದಲ್ಲಿ ಹೇಳಬೇಕಾಗಿದ್ದೂ ಇಷ್ಟೇ. ಹಂಚುವ ಪ್ರತಿ ಬೇರೆ, ಕಾಪಿಡುವ ಪ್ರತಿ ಬೇರೆ. ಹಂಚುವುದನ್ನು ಎಷ್ಟು ಬೇಕಾದರೂ ಹಿಂಡಿ, ಒಂದೇ ಡಿಸ್ಕಿಗೆ ತುರುಕಿ, ಮೆನು ಹಾಕಿ, ಫೋಟೋ ಅಂಟಿಸಿ. ಅದು ಹತ್ತಾರು ಮನೆಗೆ ಹೋಗಲಿ. ಆದರೆ ಅದು ಸಿದ್ಧವಾಯಿತು ಅಂತ ಮೂಲವನ್ನು ಅಳಿಸಬೇಡಿ. "ಹಿಡಿಸಿತು" ಅನ್ನುವುದಕ್ಕೂ "ಉಳಿಯಿತು" ಅನ್ನುವುದಕ್ಕೂ ಇರುವ ಅಂತರವನ್ನು ನಾನು ತಿಳಿದದ್ದು ಹದಿನೈದು ವರ್ಷದ ಮೇಲೆ.

ಅಂದು ಅದು ಸಾಧ್ಯವಿತ್ತೇ? ಇತ್ತು. ಟೇಪಿನ ಕಡತವನ್ನು ಹಿಂಡದೇ ಇಪ್ಪತ್ತಿಪ್ಪತ್ತು ನಿಮಿಷದ ತುಂಡು ಮಾಡಿದ್ದರೆ ಒಂದೊಂದು ತುಂಡು ಒಂದೊಂದು ಡಿಸ್ಕಿಗೆ ಸರಿಯಾಗಿ ಕೂರುತ್ತಿತ್ತು. ಐದೂವರೆ ತಾಸಿಗೆ ಹದಿನೇಳು ಡಿಸ್ಕು. ಆಗ ನಾನು ಕೊಳ್ಳುತ್ತಿದ್ದ ಖಾಲಿ ಡಿಸ್ಕಿಗೆ ಹದಿನೈದಿಪ್ಪತ್ತು ರೂಪಾಯಿ. ಮುನ್ನೂರು ರೂಪಾಯಿ ಚಿಲ್ಲರೆಯಲ್ಲಿ ಅಪ್ಪನ ದನಿ ಇದ್ದ ಹಾಗೇ ಇರುತ್ತಿತ್ತು. ಅದೇ ವಾರ ರೂಮಿನವರೆಲ್ಲ ಸೇರಿ ಹೋಟೆಲಿನಲ್ಲಿ ಅದಕ್ಕಿಂತ ಹೆಚ್ಚು ಖರ್ಚು ಮಾಡಿದ್ದೆವು ಅಂತ ನೆನಪು.

ದೊಡ್ಡವರು ದೊಡ್ಡದನ್ನು ಹೇಗೆ ನೋಡಿದರು ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆಗೂಡಿ 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಕಾವ್ಯವನ್ನು ದಾಖಲಿಸಿಕೊಂಡರು. ಹಾಡಿ ಮುಗಿಸಲು ದಿನಗಳೇ ಹಿಡಿದವು. ಒಟ್ಟು 15,683 ಸಾಲು. 1998ರಲ್ಲಿ ಪುಸ್ತಕವಾಗಿ ಬಂತು. "ಸ್ವಲ್ಪ ಚಿಕ್ಕದು ಮಾಡಿ ಹೇಳಿ" ಅಂದಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಹಾಡಿನ ಅಳತೆಗೆ ಅವರು ಕೂತರು. ನನ್ನದು ಒಂದು ರಾತ್ರಿಯ ತಾಳಮದ್ದಲೆ, ಅಷ್ಟು ದೊಡ್ಡ ಹೋಲಿಕೆ ಬೇಡ. ಆದರೆ ಆಯಿಗೆ ಅದೇ ಕಾವ್ಯ.

ಡಿಸ್ಕುಗಳ ಕಾಲ ಮುಗಿಯಿತಲ್ಲ, ಇದೆಲ್ಲ ಈಗ ಯಾಕೆ ಅಂತ ಕೇಳಬಹುದು. ಮುಗಿದದ್ದು ನಿಜವೇ. ನಮ್ಮ ಖಾಲಿ ಡಿಸ್ಕುಗಳ ಮೇಲೆಲ್ಲ ಹೆಸರಿರುತ್ತಿದ್ದ ಮೋಸರ್ ಬೇರ್ ಕಂಪನಿ 2018ರಲ್ಲಿ ದಿವಾಳಿ ಪ್ರಕ್ರಿಯೆಯಲ್ಲಿ ಮುಚ್ಚುವ ಆದೇಶ ಪಡೆಯಿತು. ಬರೆಯಬಹುದಾದ ಬ್ಲೂರೇ ಡಿಸ್ಕು ಮತ್ತು ಮಿನಿಡಿವಿ ಟೇಪುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಆದರೆ ಹಿಂಡುವ ಅಭ್ಯಾಸ ನಿಂತಿಲ್ಲ. ಈಗ ಅದನ್ನು ನಾವು ಮಾಡುವುದೂ ಬೇಡ, ವಾಟ್ಸಾಪೇ ಮಾಡಿಕೊಡುತ್ತದೆ. ಮಗುವಿನ ಮೊದಲ ಹೆಜ್ಜೆಯ ವಿಡಿಯೋ ಅಜ್ಜಿಗೆ ಕಳಿಸುತ್ತೇವೆ, ಅದು ದಾರಿಯಲ್ಲೇ ಸಣ್ಣದಾಗುತ್ತದೆ. ಫೋನ್ ತುಂಬಿತು ಅಂತ ಮೂಲವನ್ನು ಅಳಿಸುತ್ತೇವೆ, "ಹೇಗೂ ಗ್ರೂಪಿನಲ್ಲಿ ಇದೆಯಲ್ಲ" ಅಂತ. ನನ್ನ ಭಾವನ ಟೇಪಿನ ಕಥೆ ದಿನಕ್ಕೆ ಸಾವಿರ ಮನೆಯಲ್ಲಿ ನಡೆಯುತ್ತಿದೆ. (ಇದ್ದಂತೆಯೇ ಕಳಿಸಬೇಕಿದ್ದರೆ ವಿಡಿಯೋವನ್ನು ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, 2 ಜಿಬಿ ತನಕ ಹಿಂಡದೇ ಹೋಗುತ್ತದೆ.)

ಇನ್ನು ಕೆಲವರು ಈಗಿನ ಎಐ ತಂತ್ರಾಂಶದಲ್ಲಿ ಹಾಕಿ ನೋಡು, ದನಿ ಸರಿಯಾಗುತ್ತದೆ ಅಂದರು. ಅದನ್ನೂ ಮಾಡಿದೆ. ಮಳೆ ಹೋಯಿತು. ದನಿ ಸ್ವಚ್ಛವಾಯಿತು, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ. ಹೋದದ್ದನ್ನು ಅದು ಹುಡುಕಿ ತರುವುದಿಲ್ಲ, ಇದ್ದಿರಬಹುದಾದ್ದನ್ನು ಊಹಿಸಿ ತುಂಬುತ್ತದೆ. ಆಯಿಗೆ ಕೇಳಿಸಿದೆ. "ಇದ್ಯಾರು?" ಅಂದಳು. ಅಳಿಸಿಬಿಟ್ಟೆ. ನೀರೊಳಗಿನದಾದರೂ ಮೊದಲಿನದೇ ಅಪ್ಪನದು.

ಈಗ ಆ ಕಡತ ಮೂರು ಕಡೆ ಇದೆ. ನನ್ನ ಹತ್ತಿರ ಒಂದು ಹಾರ್ಡ್‌ಡಿಸ್ಕಿನಲ್ಲಿ, ಭಾವನ ಮನೆಯಲ್ಲಿ ಇನ್ನೊಂದರಲ್ಲಿ, ಕುಂಬಾರವಾಡದಲ್ಲಿ ಪೆನ್‌ಡ್ರೈವಿನಲ್ಲಿ. ಪೆನ್‌ಡ್ರೈವಿಗೆ ಹಾಕುವಾಗ ಇಡೀ ಡಿಸ್ಕಿನ ಅಚ್ಚು ಹೋಗಲಿಲ್ಲ. ಹಳೆಯ ಫ್ಯಾಟ್32 ಮಾದರಿಯಲ್ಲಿ 4 ಜಿಬಿಗಿಂತ ದೊಡ್ಡ ಕಡತ ಕೂರುವುದಿಲ್ಲ. ಒಂದು ಕ್ಷಣ ಕೈ ತನ್ನಷ್ಟಕ್ಕೇ ಹಿಂಡುವ ತಂತ್ರಾಂಶದ ಕಡೆ ಹೋಯಿತು ನೋಡಿ! ತಡೆದುಕೊಂಡು, ಎರಡು ತುಂಡು ಮಾಡಿ ಹಾಕಿದೆ.

ನಿಮ್ಮ ಮನೆಯ ಕಪಾಟಿನಲ್ಲೂ ಇಂಥದ್ದೊಂದು ಡಿಸ್ಕು ಇದ್ದೇ ಇರುತ್ತದೆ. ಉಪನಯನದ್ದೋ, ಅಜ್ಜಿಯ ಹಾಡಿನದ್ದೋ, ಊರ ಜಾತ್ರೆಯದ್ದೋ. ಈ ವಾರ ಒಮ್ಮೆ ತೆಗೆದು ಓದುತ್ತದೆಯಾ ನೋಡಿ. ಓದಿದರೆ ಇದ್ದಂತೆಯೇ ಇಳಿಸಿ ಇಡಿ, ಸಣ್ಣದು ಮಾಡಲು ಹೋಗಬೇಡಿ. ಓದದಿದ್ದರೆ ಅಂದು ಯಾರಿಗೆಲ್ಲ ಕೊಟ್ಟಿದ್ದಿರಿ ಅಂತ ನೆನಪು ಮಾಡಿಕೊಂಡು ಅವರ ಮನೆಗೆ ಹೋಗಿ. ಹೋದರೆ ಚಹಾ ಅಂತೂ ಸಿಗುತ್ತದೆ.

ಯಾರಿಗಾದರೂ ಆ ಮೆಲ್ಲನೆಯ ದನಿಯನ್ನು ಮಳೆಯಿಂದ ಬೇರೆ ಮಾಡುವ, ಆದರೆ ಹೊಸದೇನನ್ನೂ ಸೇರಿಸದ ಉಪಾಯ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಆಯಿ ಇನ್ನೂ ಕೇಳುತ್ತಿರುತ್ತಾಳೆ.